ನೇರಳಾತೀತ ಕಿರಣಗಳನ್ನು ಗಾಜಿನಲ್ಲೇ ತಡೆದರೆ ಸಾಲದೇ?

ಪೆರೋವ್‌ಸ್ಕೈಟ್ ಎಂಬ ಹರಳು ವಸ್ತುವಿನಿಂದ ಮಾಡಿದ ಸೌರಕೋಶಗಳ ಮಾತು ಬಂದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆಯಿದು: ನೇರಳಾತೀತ ಕಿರಣಗಳಿಂದ ಈ ಕೋಶಗಳು ಹಾಳಾಗುವುದಾದರೆ, ಅವನ್ನು ತಡೆಯುವ ಹಾಳೆಯೊಂದನ್ನು ಗಾಜಿನ ಮೇಲೆ ಅಂಟಿಸಿದರೆ ಸಾಲದೇ? ಸಾಲದು ಎಂಬುದೇ ನನ್ನ ಉತ್ತರ. ಹಾಳೆಯಿಂದ ಉಪಯೋಗವಿದೆ, ಆದರೆ ಕೋಶದ ದೌರ್ಬಲ್ಯವಿರುವ ಜಾಗವನ್ನು ಅದು ಮುಟ್ಟುವುದಿಲ್ಲ.

2009ರಲ್ಲಿ ಶೇ 3.8ರಷ್ಟಿದ್ದ ಇವುಗಳ ದಕ್ಷತೆ ಈಗ ಪ್ರಯೋಗಾಲಯದಲ್ಲಿ ಶೇ 26ನ್ನು ದಾಟಿದೆ. ಬಾಳಿಕೆ ಮಾತ್ರ ಆ ವೇಗದಲ್ಲಿ ಬೆಳೆದಿಲ್ಲ. ಆರಂಭದ ವಿನ್ಯಾಸಗಳಲ್ಲಿ ಬೆಳಕು ಪೆರೋವ್‌ಸ್ಕೈಟನ್ನು ತಲುಪುವ ಮೊದಲು, ಎಲೆಕ್ಟ್ರಾನುಗಳನ್ನು ಹೊರಸಾಗಿಸುವ ಟೈಟಾನಿಯಂ ಡೈಆಕ್ಸೈಡ್ ಪದರವನ್ನು ಹಾದುಹೋಗಬೇಕಿತ್ತು. ಸುಮಾರು 390 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕನ್ನು ಈ ಪದರವೇ ಹೀರಿಕೊಂಡಾಗ ಹುಟ್ಟುವ ಧನಾವೇಶಗಳು, ಅದರ ಮೇಲ್ಮೈಗೆ ಅಂಟಿಕೊಂಡಿದ್ದ ಆಮ್ಲಜನಕವನ್ನು ಬಿಡಿಸಿ, ಎಲೆಕ್ಟ್ರಾನುಗಳು ಸಿಕ್ಕಿಬೀಳುವಂಥ ದೋಷಗಳನ್ನು ಉಳಿಸುತ್ತವೆ. ಪಕ್ಕದ ಪೆರೋವ್‌ಸ್ಕೈಟಿನಲ್ಲಿರುವ ಅಯೋಡೈಡ್ ಕೂಡ ಎಲೆಕ್ಟ್ರಾನು ಕಳೆದುಕೊಂಡು ಅಯೋಡಿನ್ ಆಗುತ್ತದೆ. ಹರಳಿನ ರಚನೆ ಕುಸಿದು, ಕಪ್ಪಗಿದ್ದ ಪದರದ ಜಾಗದಲ್ಲಿ ಕೊನೆಗೆ ಹಳದಿ ಬಣ್ಣದ ಲೆಡ್ ಅಯೋಡೈಡ್ ಕಾಣಿಸಿಕೊಳ್ಳುತ್ತದೆ.

ನೆಲ ತಲುಪುವ ಸೌರಶಕ್ತಿಯಲ್ಲಿ ನೇರಳಾತೀತದ ಪಾಲು ಸುಮಾರು ಶೇ 5. ಹಾಳೆಯಿಂದ ಅದನ್ನು ತಡೆದರೆ ಅದರಿಂದ ಸಿಗಬಹುದಾಗಿದ್ದ ವಿದ್ಯುತ್ತೂ ಹೋಗುತ್ತದೆ. ಹಾಗಾಗಿ ನೇರಳಾತೀತವನ್ನು ಹೀರಿ ಕೆಂಪು ಬೆಳಕನ್ನು ಹೊಮ್ಮಿಸುವ ಯೂರೋಪಿಯಂ ಸಂಯುಕ್ತಗಳನ್ನು ಗಾಜಿನ ಮೇಲೆ ಲೇಪಿಸುವ ಪ್ರಯತ್ನಗಳು ನನಗೆ ಹೆಚ್ಚು ಇಷ್ಟ, ಏಕೆಂದರೆ ರಕ್ಷಣೆ ಮತ್ತು ದಕ್ಷತೆ ಎರಡೂ ಒಂದೇ ಪದರದಿಂದ ದೊರೆಯುವ ಸಾಧ್ಯತೆ ಅಲ್ಲಿದೆ. ಆದರೆ ಹೊಮ್ಮಿದ ಬೆಳಕು ಎಲ್ಲ ದಿಕ್ಕಿಗೂ ಚೆದುರುವುದರಿಂದ ಸುಮಾರು ಎಂಟನೆಯ ಒಂದು ಭಾಗ ಮುಂಭಾಗದಿಂದಲೇ ಹೊರಹೋಗುತ್ತದೆ. ಆ ಸಂಯುಕ್ತಗಳೂ ವರ್ಷಗಟ್ಟಲೆ ಬಿಸಿಲನ್ನು ತಾಳಬೇಕು.

ನನಗೆ ಹೆಚ್ಚು ಭರವಸೆಯಿರುವುದು ಪದರಗಳು ಸೇರುವ ಗಡಿಯನ್ನು ಸರಿಪಡಿಸುವ ಕೆಲಸದಲ್ಲಿ. ಟೈಟಾನಿಯಂ ಡೈಆಕ್ಸೈಡಿನ ಬದಲು ಬಳಸಬಹುದಾದ ಟಿನ್ ಆಕ್ಸೈಡ್ ನೇರಳಾತೀತವನ್ನು ಕಡಿಮೆ ಹೀರುತ್ತದೆ, ರಾಸಾಯನಿಕವಾಗಿಯೂ ಅಷ್ಟು ಚುರುಕಲ್ಲ. ಪದರಗಳ ಕ್ರಮವನ್ನೇ ತಿರುಗಿಸಿದ ಕೋಶಗಳಲ್ಲಿ ಬೆಳಕಿಗೆ ಮೊದಲು ಎದುರಾಗುವುದು ಧನಾವೇಶ ಸಾಗಿಸುವ ಪದರ. ಅದಕ್ಕೂ ಗಾಜಿನ ಮೇಲಿರುವ, ವಿದ್ಯುತ್ತನ್ನು ಹೊರತರುವ ಪಾರದರ್ಶಕ ವಾಹಕಕ್ಕೂ ನಡುವಿನ ಬಂಧ ನೇರಳಾತೀತಕ್ಕೆ ಸಡಿಲಗೊಳ್ಳಬಹುದಾದ್ದರಿಂದ, ವಾಹಕಕ್ಕೆ ಗಟ್ಟಿಯಾಗಿ ಬೆಸೆದುಕೊಳ್ಳುವ ಅಣುಗಳನ್ನು ಬಳಸಬೇಕಾಗುತ್ತದೆ.

ಬಾಳಿಕೆಯ ಅಂಕಿಗಳನ್ನು ಓದುವಾಗ ದೀಪ ಯಾವುದೆಂದು ದಯವಿಟ್ಟು ನೋಡಿ. ಅನೇಕ ಪ್ರಯೋಗಾಲಯಗಳು ಬಳಸುವ ಬಿಳಿ ಎಲ್‌ಇಡಿ ಬೆಳಕಿನಲ್ಲಿ ನೇರಳಾತೀತ ಇರುವುದೇ ಇಲ್ಲವೆನ್ನಬಹುದು. ಸೌರಫಲಕಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61215ರ ನೇರಳಾತೀತ ಪರೀಕ್ಷೆಯಲ್ಲೂ ಚದರ ಮೀಟರಿಗೆ 15 ಕಿಲೋವ್ಯಾಟ್-ಗಂಟೆಯಷ್ಟು ಮಾತ್ರ ಒಡ್ಡಲಾಗುತ್ತದೆ. ಲೆಕ್ಕ ಹಾಕಿದರೆ ಅದು ಸುಮಾರು 325 ಗಂಟೆಗಳ ಪೂರ್ಣ ಬಿಸಿಲಿನಲ್ಲಿರುವ ನೇರಳಾತೀತಕ್ಕೆ ಸಮ. ಫಲಕಗಳಿಂದ ನಾವು ನಿರೀಕ್ಷಿಸುವುದು 25 ವರ್ಷಗಳ ಸೇವೆ.