ಜೇಬಿನಲ್ಲಿ ಅಮ್ಮನ ಬ್ಲಾಕ್

ಅಮ್ಮನ ಮೊದಲ ರಿಪೋರ್ಟಿನಲ್ಲಿ ಇದ್ದದ್ದು ಒಂದೇ ಸಾಲು: ನಾನ್ ಸ್ಮಾಲ್ ಸೆಲ್ ಕಾರ್ಸಿನೋಮಾ. ಶ್ವಾಸಕೋಶದ ಕ್ಯಾನ್ಸರ್‌ನ ಒಂದು ದೊಡ್ಡ ಗುಂಪಿನ ಹೆಸರು ಅದು. ಅದರಲ್ಲೂ ಯಾವ ಬಗೆ ಅಂತ ಬರೆದಿರಲಿಲ್ಲ. ಊರಿನ ಆಸ್ಪತ್ರೆಯಲ್ಲಿ ಅಷ್ಟರ ಮೇಲೇ ಕೀಮೋ ಶುರು ಮಾಡೋಣ ಅಂದರು. ಅಮ್ಮ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ನೋಡಲು ಬಂದವರೆಲ್ಲ ಮನೆಯಲ್ಲಿ ಯಾರು ಸೇದ್ತಾರೆ ಅಂತ ಕೇಳೋರು, ಅಮ್ಮ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸೋರು, ಅದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂಗಾಗುತ್ತಿತ್ತು.

ಬಯಾಪ್ಸಿ ತುಣುಕನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಅದೇ ಬ್ಲಾಕ್. ಅದನ್ನು ಕೇಳಿ ಪಡೆಯಲು ಎರಡು ದಿನ ಅಲೆದೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟಾಗ ಅದು ನನ್ನ ಅಂಗಿ ಜೇಬಿನಲ್ಲಿತ್ತು. ನಿದ್ದೆ ಬರಲಿಲ್ಲ.

ಪೆಥಾಲಜಿ ಡಾಕ್ಟರು ಬ್ಲಾಕ್ ತಿರುಗಿಸಿ ನೋಡಿ, "ತುಣುಕು ತುಂಬಾ ಚಿಕ್ಕದು. ಸುಮ್ನೆ ಹತ್ತು ಸ್ಟೇನ್ ಹಾಕಿದರೆ ಜೀನ್ ಟೆಸ್ಟಿಗೆ ಏನೂ ಉಳಿಯಲ್ಲ, ಎರಡೇ ಹಾಕ್ತೀನಿ" ಅಂದರು. ಸ್ಟೇನ್ ಅಂದರೆ ಕೋಶದಲ್ಲಿ ಒಂದು ಪ್ರೋಟೀನ್ ಇದೆಯೇ ಅಂತ ತೋರಿಸುವ ಬಣ್ಣ. ಅವರು ಆರಿಸಿದ್ದು ಟಿಟಿಎಫ್-1 ಮತ್ತು ಪಿ40. ಎರಡೂ ಪ್ರೋಟೀನ್‌ಗಳ ಹೆಸರು.

ಮರುದಿನ ಮಧ್ಯಾಹ್ನ ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಮೊದಲ ಸ್ಲೈಡಿನಲ್ಲಿ ಜೀವಕೋಶಗಳ ಒಳಗಿನ ನ್ಯೂಕ್ಲಿಯಸ್‌ಗಳೆಲ್ಲ ಕಂದು, ಕಾಫಿ ಪುಡಿ ಚೆಲ್ಲಿದ ಹಾಗೆ. ಟಿಟಿಎಫ್-1 ಇದ್ದಲ್ಲಿ ಮಾತ್ರ ಆ ಬಣ್ಣ ಕೂರುತ್ತದಂತೆ. ಥೈರಾಯ್ಡಿನಲ್ಲೂ ಇರುವ ಪ್ರೋಟೀನ್ ಅದು. ಶ್ವಾಸಕೋಶದಲ್ಲಿ, ಗಾಳಿಚೀಲ ಮುದುಡದಂತೆ ಕಾಯುವ ಜಿಡ್ಡನ್ನು ತಯಾರಿಸುವ ಕೋಶಗಳಿಗೆ ಅದು ಬೇಕು. ಕ್ಯಾನ್ಸರ್ ಆದಮೇಲೂ ಆ ಕೋಶಗಳು ತಮ್ಮ ಹಳೇ ಗುರುತು ಬಿಟ್ಟಿರಲಿಲ್ಲ. ಪಿ40 ಸ್ಲೈಡಿನಲ್ಲಿ ಬರೀ ನೀಲಿ. ನಾನ್ ಸ್ಮಾಲ್ ಸೆಲ್ಲಿನಲ್ಲೇ ಸ್ಕ್ವಾಮಸ್ ಅನ್ನೋ ಇನ್ನೊಂದು ಬಗೆಯಾಗಿದ್ದರೆ ಸಾಮಾನ್ಯವಾಗಿ ಇದು ತಿರುಗುಮುರುಗಾಗಿ, ಪಿ40 ಕಂದಾಗಿ ಕಾಣುತ್ತಿತ್ತು. ಶ್ವಾಸಕೋಶದ ಕ್ಯಾನ್ಸರ್‌ನ ಇನ್ನೊಂದು ಗುಂಪಾದ ಸ್ಮಾಲ್ ಸೆಲ್ಲಿಗೆ ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್ ಅಂತ ಬೇರೆಯೇ ಗುರುತುಗಳು.

ಹೀಗೆ ನಾನ್ ಸ್ಮಾಲ್ ಸೆಲ್ಲಿನಲ್ಲಿ ಅಡಿನೋಕಾರ್ಸಿನೋಮಾ ಅನ್ನೋ ಬಗೆ ಅಂತ ಖಚಿತವಾಯಿತು. ಪೆಮೆಟ್ರೆಕ್ಸೆಡ್ ಅನ್ನೋ ಕೀಮೋ ಔಷಧಿ ಈ ಬಗೆಗೆ ಕೆಲಸ ಮಾಡುತ್ತದೆ, ಸ್ಕ್ವಾಮಸ್‌ಗೆ ಹೇಳಿಕೊಳ್ಳುವಷ್ಟಿಲ್ಲ. ಬೆವಾಸಿಜುಮ್ಯಾಬ್ ಅನ್ನೋ ಇನ್ನೊಂದು ಔಷಧಿಯನ್ನಂತೂ ಸ್ಕ್ವಾಮಸ್ ಇದ್ದವರಿಗೆ ಕೊಟ್ಟರೆ ಶ್ವಾಸಕೋಶದಲ್ಲಿ ರಕ್ತಸ್ರಾವವಾಗುವ ಭಯ. ಇಷ್ಟು ದೊಡ್ಡ ವ್ಯತ್ಯಾಸ ಇರುವಾಗ ಬಗೆ ನೋಡದೆ ಔಷಧಿ ಏರಿಸೋದು ಹೇಗೆ? ನನಗೆ ಇವತ್ತಿಗೂ ಸಿಟ್ಟಿದೆ. ಉಳಿದ ತುಣುಕು ಇಜಿಎಫ್‌ಆರ್, ಎಎಲ್‌ಕೆ ಅನ್ನೋ ಜೀನ್‌ಗಳ ಪರೀಕ್ಷೆಗೆ ಹೋಯಿತು.

ಹೊರಡುವಾಗ ಡಾಕ್ಟರು, ಸೇದದವರಲ್ಲಿ ಹೆಚ್ಚಾಗಿ ಕಾಣೋದು ಇದೇ ಬಗೆ ಅಂದರು. ಆಸ್ಪತ್ರೆ ಮೆಟ್ಟಿಲ ಮೇಲೇ ಕೂತು ಅಮ್ಮನಿಗೆ ಫೋನ್ ಮಾಡಿ ಅದನ್ನು ಹೇಳಿದೆ. ಸ್ವಲ್ಪ ಹೊತ್ತು ಅಮ್ಮ ಮಾತಾಡಲಿಲ್ಲ. ಆಮೇಲೆ, "ಇದನ್ನ ನಿನ್ನ ಚಿಕ್ಕಮ್ಮನಿಗೂ ಹೇಳ್ತೀಯಾ?" ಅಂದರು.