ಪ್ರೆಸ್ ಮಡ್ಡನ್ನು ಟನ್ ಲೆಕ್ಕದಲ್ಲಿ ಮಾರಬೇಡಿ, ಕೊಳ್ಳಲೂ ಬೇಡಿ

2018ರಲ್ಲಿ ತ್ಯಾಜ್ಯದಿಂದ ವಾಹನದ ಅನಿಲ ತಯಾರಿಸುವುದನ್ನು ಉತ್ತೇಜಿಸುವ ಕೇಂದ್ರ ಸರ್ಕಾರದ ಸತತ್ ಯೋಜನೆ ಬಂದ ಮೇಲೆ ಸಕ್ಕರೆ ಕಾರ್ಖಾನೆಗಳ ಪ್ರೆಸ್ ಮಡ್ಡಿಗೆ, ಅಂದರೆ ಕಬ್ಬಿನ ರಸವನ್ನು ಸೋಸಿದಾಗ ಉಳಿಯುವ ಗಸಿಗೆ, ಬೆಲೆ ಬಂತು. ಅದುವರೆಗೆ ಗದ್ದೆಗೋ ಡಿಸ್ಟಿಲರಿಯ ಕಾಂಪೋಸ್ಟ್ ಅಂಗಳಕ್ಕೋ ಹೋಗುತ್ತಿದ್ದ ಈ ಕಪ್ಪು ಮಡ್ಡಿ ಈಗ ವಾಹನಕ್ಕೆ ತುಂಬುವ ಬಯೋಗ್ಯಾಸ್‌ನ ಕಚ್ಚಾ ಮಾಲು. ಆದರೆ ಕಾರ್ಖಾನೆಗೂ ಗ್ಯಾಸ್ ಘಟಕಕ್ಕೂ ನಡುವಿನ ಒಪ್ಪಂದ ಎರಡನೇ ಹಂಗಾಮಿಗೇ ಹಳಸುತ್ತದೆ. ಕಾರಣ ಬಹುತೇಕ ಒಂದೇ: ಇಬ್ಬರೂ ತೂಕ ನೋಡಿ ಸಹಿ ಹಾಕಿರುತ್ತಾರೆ, ಒಳಗೆ ನೀರೆಷ್ಟು ಎಂದು ಬರೆದಿರುವುದಿಲ್ಲ.

ಮೊದಲು ಪ್ರಮಾಣ ನೋಡೋಣ. ದಿನಕ್ಕೆ 5,000 ಟನ್ ಕಬ್ಬು ಅರೆದರೆ ಶೇ. 3.5ರಂತೆ 175 ಟನ್ ಪ್ರೆಸ್ ಮಡ್ ಬರುತ್ತದೆ. ಸುಮಾರು 25 ಟನ್ನಿಗೆ ಒಂದು ಟನ್ ಶುದ್ಧ ಅನಿಲ ಸಿಗುತ್ತದೆ ಎಂದು ಹಿಡಿದು ದಿನಕ್ಕೆ 7 ಟನ್ನಿನ ಘಟಕ ಕಟ್ಟಲು ಹೊರಡುವವರಿದ್ದಾರೆ. ಕಬ್ಬು ಅರೆಯುವುದು 150 ದಿನ ಮಾತ್ರ. ಘಟಕ ವರ್ಷಪೂರ್ತಿ ಓಡಬೇಕು. ಒಟ್ಟು 26,250 ಟನ್ನನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಬರುವುದು 72 ಟನ್ನಷ್ಟೇ. ಅಂದರೆ ಮೂರು ಟನ್ನಿಗೂ ಕಡಿಮೆ ಅನಿಲ. ಅದೂ ದಾಸ್ತಾನು ಹಾಳಾಗದಿದ್ದರೆ.

ಇನ್ನು ನೀರು. ಒಳ್ಳೆಯ ಮಾಲಿನಲ್ಲಿ ತೇವಾಂಶ ಶೇ. 72 ಇದ್ದು, ಉಳಿದ ಒಣ ಭಾಗದಲ್ಲಿ ಮುಕ್ಕಾಲು ಪಾಲು ಸಾವಯವ, ಅಂದರೆ ಅನಿಲವಾಗಬಲ್ಲ ಭಾಗ, ಎನ್ನಿ. ಟನ್ನಿಗೆ 210 ಕಿಲೋ ಸಾವಯವ ಪದಾರ್ಥ ಸಿಕ್ಕಿತು. ತೇವ 78ಕ್ಕೆ ಏರಿ, ಸಾವಯವ ಭಾಗ ಮಣ್ಣಿನಿಂದಾಗಿ ಶೇ. 65ಕ್ಕೆ ಇಳಿದರೆ ಅದೇ ಟನ್ನಿನಲ್ಲಿ ಇರುವುದು 143 ಕಿಲೋ. ಮೂರನೇ ಒಂದು ಭಾಗ ಮಾಯ. ವೇ ಬ್ರಿಡ್ಜಿನ ಚೀಟಿಯಲ್ಲಿ ಇದು ಕಾಣುವುದಿಲ್ಲ. ಆದ್ದರಿಂದ ದರವನ್ನು ಸಾವಯವ ಕಿಲೋಗೇ ಕಟ್ಟಿ.

ಪರೀಕ್ಷೆ ಕಷ್ಟದ್ದೇನಲ್ಲ. ಟಿಪ್ಪರಿನ ಐದು ಕಡೆ, ಒಂದು ಅಡಿ ಆಳದಿಂದ ತೆಗೆದು ಬೆರೆಸಿ, ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಮೇಲ್ಪದರ ಬಿಸಿಲಿಗೆ ಒಣಗಿರುತ್ತದೆ, ಅದನ್ನು ಮುಟ್ಟಬೇಡಿ. ಓವನ್ನಿನಲ್ಲಿ 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಆಮೇಲೆ ಮಫಲ್ ಫರ್ನೇಸಿನಲ್ಲಿ (ಪ್ರಯೋಗಾಲಯದ ಕುಲುಮೆ) 550 ಡಿಗ್ರಿಗೆ ಸುಡಿ. ಸುಟ್ಟು ಹೋದದ್ದೇ ಸಾವಯವ ಭಾಗ. ಮಾದರಿಯನ್ನು ಎರಡೂ ಕಡೆಯವರ ಎದುರು ತೆಗೆದು, ಒಂದು ಪಾಲನ್ನು ಸೀಲ್ ಮಾಡಿ ಫ್ರಿಜ್ಜಿನಲ್ಲಿಡುವುದು ಮುಂದಿನ ಎಷ್ಟೋ ವಾದಗಳನ್ನು ಉಳಿಸುತ್ತದೆ.

ತೇವ ಏರುವುದೇಕೆ ಎಂದು ಹುಡುಕಲು ಕಾರ್ಖಾನೆಯಲ್ಲಿ ಮಡ್ಡಿಯಿಂದ ರಸ ಹೀರಿ ತೆಗೆಯುವ ರೋಟರಿ ವ್ಯಾಕ್ಯೂಮ್ ಫಿಲ್ಟರಿನ ಹತ್ತಿರ ಹೋಗಿ. ಹೈ ವ್ಯಾಕ್ಯೂಮ್ ಪಾದರಸದ 18ರಿಂದ 20 ಇಂಚು ಇರಬೇಕಾದದ್ದು ಬಿದ್ದಿದ್ದರೆ, ಅಥವಾ ಮಡ್ಡಿಗೆ ಬೆರೆಸುವ ನುಣ್ಣನೆಯ ಬಗಾಸ್ (ಕಬ್ಬಿನ ಸಿಪ್ಪೆ) ಪುಡಿ ಕಡಿಮೆಯಾಗಿದ್ದರೆ, ಕೇಕ್ (ಫಿಲ್ಟರಿನಲ್ಲಿ ಕಟ್ಟುವ ಮಡ್ಡಿಯ ಪದರ) ಜಾಲರಿಯ ಮೇಲೆ ನಿಲ್ಲದೆ ಕೆಸರಿನಂತೆ ಜಾರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಬಿಸಿನೀರಿನಿಂದ ಚೆನ್ನಾಗಿ ತೊಳೆದಷ್ಟೂ ಮಡ್ಡಿಯಲ್ಲಿ ಉಳಿಯುವ ಸಕ್ಕರೆ ಕಡಿಮೆ. ಕಾರ್ಖಾನೆಗೆ ಲಾಭ, ಅನಿಲಕ್ಕೆ ನಷ್ಟ. ತೊಳೆಯದೆ ಬಿಟ್ಟರೆ ಉಲ್ಟಾ. ನನ್ನ ಮಟ್ಟಿಗೆ ಸಕ್ಕರೆಯ ಬೆಲೆ ಯಾವಾಗಲೂ ದೊಡ್ಡದು, ಫಿಲ್ಟರನ್ನು ಕಾರ್ಖಾನೆಯ ಹಿತಕ್ಕೇ ಓಡಿಸಬೇಕು. ಘಟಕದವರು ಬೇಡಬೇಕಾದದ್ದು ಸಕ್ಕರೆಯಲ್ಲ, ದಿನದಿಂದ ದಿನಕ್ಕೆ ಒಂದೇ ಬಗೆಯ ಮಾಲು. ಒಮ್ಮೆಲೇ ಸಕ್ಕರೆ ಹೆಚ್ಚಿದ ಮಡ್ಡಿ ಡೈಜೆಸ್ಟರಿಗೆ, ಅಂದರೆ ಅನಿಲ ಹುಟ್ಟುವ ಮುಚ್ಚಿದ ತೊಟ್ಟಿಗೆ, ಬಿದ್ದರೆ ಆಮ್ಲ ಏರಿ, ಪಿಎಚ್ 6.8ಕ್ಕಿಂತ ಕೆಳಗಿಳಿದು ಅನಿಲ ಕುಸಿಯುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ ಫೀಡ್, ಅಂದರೆ ಒಳಗೆ ಹಾಕುವ ಮಾಲು, ತಗ್ಗಿಸುವುದು. ಸುಣ್ಣ ಸುರಿಯುವುದು ಆಮೇಲಿನ ಮಾತು.

ಹಂಗಾಮಿನ ಮೊದಲ ವಾರಗಳ ಮಾಲನ್ನು ಬೇರೆಯಾಗಿಡಿ. ಹಿಂಗಾರು ಮಳೆಯಲ್ಲಿ ಕಡಿದ ಕಬ್ಬಿನ ಜೊತೆ ಬರುವ ಮಣ್ಣೆಲ್ಲ ಮಡ್ಡಿಯಲ್ಲೇ ಸೇರುತ್ತದೆ, ಮರಳು ಡೈಜೆಸ್ಟರಿನ ತಳದಲ್ಲಿ ಕೂರುತ್ತದೆ.

ದಾಸ್ತಾನಿನಲ್ಲಿ ಆಗುವಷ್ಟು ನಷ್ಟ ಬೇರೆಲ್ಲೂ ಆಗದು. ಬಯಲಲ್ಲಿ ರಾಶಿ ಹಾಕಿದ ಪ್ರೆಸ್ ಮಡ್ ತಾನಾಗಿ ಬಿಸಿಯೇರಿ ಹೊಗೆಯಾಡುತ್ತದೆ. ನಿಮಗೆ ಸಿಗಬೇಕಾದ ಅನಿಲದ ಕಚ್ಚಾ ಮಾಲೇ ಅಲ್ಲಿ ಕರಗುತ್ತಿರುವುದು. ಕಾಂಕ್ರೀಟ್ ನೆಲದ ಮೇಲೆ ತೆಳುವಾಗಿ ಹರಡಿ, ಪ್ರತಿ ಪದರವನ್ನೂ ಜೆಸಿಬಿಯಿಂದ ಒತ್ತಿಸಿ, ಗಾಳಿ ಹೊಗದಂತೆ ದಪ್ಪ ಹಾಳೆ ಹೊದಿಸಿ ಹಳೆ ಟೈರು ಹೇರಿ. ದನಗಳಿಗೆ ರಸಮೇವು ಹಾಕುವ ಕ್ರಮವೇ ಇದು. ಸುತ್ತ ಕಾಲುವೆ ತೆಗೆದು ಸೋರುವ ರಸವನ್ನು ತೊಟ್ಟಿಗೆ ಬಿಡಿ, ಅದು ಹಳ್ಳ ಸೇರಬಾರದು. ಡೈಜೆಸ್ಟರಿಗೆ ಹಾಕಿದರೆ ಅದರಿಂದಲೂ ಅನಿಲ ಬರುತ್ತದೆ. ಹಾಳೆ ತೆಗೆದ ಮುಖವನ್ನು ಆ ದಿನಕ್ಕೆ ಬೇಕಾದಷ್ಟೇ ತೆರೆಯಿರಿ.

ಕಾರ್ಖಾನೆಯಿಂದ ಇನ್ನೊಂದು ಪೈಪೂ ಬರಬೇಕು, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಕಬ್ಬಿನಲ್ಲಿ ಸುಮಾರು ಶೇ. 70 ನೀರೇ ಇರುವುದರಿಂದ ಹಂಗಾಮಿನಲ್ಲಿ ಬಿಸಿ ಕಂಡೆನ್ಸೇಟ್ (ಆವಿ ತಣಿದು ಬಂದ ನೀರು) ಹೆಚ್ಚುವರಿ ಇರುತ್ತದೆ. ಸಕ್ಕರೆ ಸೋರಿ ಬಂದ ಕಂಡೆನ್ಸೇಟನ್ನು ಬಾಯ್ಲರಿನವರು ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ, ಟ್ಯೂಬ್ ಹಾಳಾಗುತ್ತದೆ. ಮಡ್ಡಿಯನ್ನು ಶೇ. 8ರಿಂದ 10 ಒಣ ಪದಾರ್ಥಕ್ಕೆ ತೆಳುವಾಗಿಸಲು, ಡೈಜೆಸ್ಟರನ್ನು 37 ಡಿಗ್ರಿಯಲ್ಲಿಡಲು ಅದೇ ನೀರು ಸಾಕು. ಬೋರ್‌ವೆಲ್ಲಿನ ತಣ್ಣೀರು ಉಳಿಯಿತು, ಕಾರ್ಖಾನೆಯ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ (ಇಟಿಪಿ) ಹೊರೆಯೂ ಇಳಿಯಿತು.

ಒಪ್ಪಂದದಲ್ಲಿ ಕಬ್ಬು ಕೊಡುವ ರೈತರ ಪಾಲನ್ನು ಬರೆಯದೆ ಸಹಿ ಹಾಕಬೇಡಿ. ವರ್ಷಗಳಿಂದ ಟ್ರ್ಯಾಕ್ಟರಿನಲ್ಲಿ ಮಡ್ಡಿ ಒಯ್ದು ಗದ್ದೆಗೆ ಹಾಕುತ್ತಿದ್ದವರಿಗೆ ಒಂದು ದಿನ ಗೇಟಿನಲ್ಲಿ ಇಲ್ಲ ಎಂದರೆ ಅದು ಅನ್ಯಾಯ. ಅನಿಲ ತೆಗೆದ ಮೇಲೂ ರಂಜಕ, ಪೊಟ್ಯಾಷ್ ಉಳಿದೇ ಇರುತ್ತವೆ. ಸ್ಕ್ರೂ ಪ್ರೆಸ್ಸಿನಿಂದ ಹಿಂಡಿದ ಆ ಗೊಬ್ಬರ ನಾಟಿ ಶುರುವಾಗುವ ಮೊದಲೇ ರೈತರ ಹೊಲ ತಲುಪಬೇಕು. ಯಾರ ವಾಹನ, ಯಾರ ಡೀಸೆಲ್ ಎಂಬುದೂ ಆ ಕಾಗದದಲ್ಲೇ ಇರಲಿ.