ನಮ್ಮಲ್ಲಿ ಋತು ಬದಲಾಗಿದ್ದು ಹೇಗೆ ಗೊತ್ತಾಗುತ್ತೆ?

ಶಿಕಾಗೋದಲ್ಲಿರುವ ತಂಗಿ ಪ್ರತಿ ಅಕ್ಟೋಬರಿನಲ್ಲೂ ಕೆಂಪಾದ ಮೇಪಲ್ ಮರದ ಫೋಟೋ ಕಳಿಸುತ್ತಾಳೆ. ಜೊತೆಗೊಂದು ಪ್ರಶ್ನೆ: "ಅಕ್ಕಾ, ಅಲ್ಲಿ ಮಳೆಗಾಲ ಬಿಟ್ಟರೆ ಎಲ್ಲ ಒಂದೇ ಥರ ಅಲ್ವಾ? ಋತು ಬದಲಾಗಿದ್ದು ಹೇಗೆ ಗೊತ್ತಾಗುತ್ತೆ?" ಬೆಂಗಳೂರಿನಿಂದ ಬರುವ ನೆಂಟರೂ ಇದನ್ನೇ ಕೇಳುತ್ತಾರೆ. ನಮ್ಮ ಮನೆ ಮಲೆನಾಡಿನ ಸಾಗರ ಪೇಟೆಯ ಹತ್ತಿರ. ಅಂಗಳದ ಹೂ ನೋಡಿದರೆ ನನಗೆ ಗೊತ್ತಾಗುತ್ತದೆ. ಆದರೆ ಎಲ್ಲ ಗಿಡಗಳೂ ಒಂದೇ ಕರೆಗೆ ಓಗೊಡುವುದಿಲ್ಲ. ನನಗೆ ತುಂಬಾ ಇಷ್ಟವಾಗುವುದು ಅದೇ.

ಮೇ ಫ್ಲವರ್ ಗಡ್ಡೆ ಚಳಿಗಾಲವಿಡೀ ಮಣ್ಣೊಳಗೆ ಮಲಗಿರುತ್ತದೆ. ಕುಂಡದಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಏಪ್ರಿಲ್ ಕೊನೆಗೆ ಮಣ್ಣು ಸೀಳಿಕೊಂಡು ದಪ್ಪ ದಂಟು ಬರುತ್ತದೆ, ಅದರ ತುದಿಯಲ್ಲಿ ಚೆಂಡಿನಂಥ ಕೆಂಪು ಹೂ. ಒಂದು ಗಡ್ಡೆಗೆ ವರ್ಷಕ್ಕೆ ಒಂದೇ. ಅದು ಕಂಡರೆ ಹಪ್ಪಳ ಒಣಗಿಸಿ ಮುಗಿಸಬೇಕು, ಸೌದೆ ಕೊಟ್ಟಿಗೆಗೆ ಸೇರಬೇಕು. ಮಳೆ ಲಿಲ್ಲಿ ಹಾಗಲ್ಲ, ಅದಕ್ಕೆ ಮಳೆಯೇ ಬೇಕು. ಪೈಪಿನಲ್ಲಿ ನೀರು ಬಿಟ್ಟರೆ ಒಂದೆರಡು ಹೂ ಬಂದಾವು. ಮೊದಲ ದೊಡ್ಡ ಮಳೆ ಬಿದ್ದು ನಾಲ್ಕೈದು ದಿನಕ್ಕೆ ಅಂಗಳದ ಅಂಚೆಲ್ಲ ಗುಲಾಬಿ ಬಣ್ಣ.

ಮಳೆಗಾಲದ ಹೂ ಅಂದರೆ ಮಲೆನಾಡಿನವರಿಗೆ ಡೇರೆ, ಅಂದರೆ ಡೇಲಿಯಾ. ಬೇಸಿಗೆಯಲ್ಲಿ ಬೂದಿ ಸವರಿ ಅಟ್ಟದಲ್ಲಿಟ್ಟ ಗಡ್ಡೆಗಳು ಮೇ ಕೊನೆಗೆ ಮೊಳಕೆ ಬಿಡುತ್ತವೆ. ಆಗ ಮನೆಯಿಂದ ಮನೆಗೆ ಗಡ್ಡೆ ಬದಲಾಯಿಸಿಕೊಳ್ಳುವುದು. ಆರಿದ್ರೆ, ಪುನರ್ವಸು ಮಳೆಯಲ್ಲಿ ಬುಡ ಕೊಳೆಯದಂತೆ ಕಾಪಾಡಿಕೊಂಡರೆ ಮಘೆ, ಹುಬ್ಬೆಯ ಹೊತ್ತಿಗೆ ತಟ್ಟೆಯಷ್ಟಗಲದ ಹೂ. ನೀರು ತುಂಬಿ ತಲೆ ಬಾಗುತ್ತವೆ, ಕೋಲು ಕೊಟ್ಟು ಕಟ್ಟಬೇಕು. ಇದು ಮೆಕ್ಸಿಕೋದ ಗುಡ್ಡಗಾಡಿನ ಗಿಡ. ಅಲ್ಲೂ ಜೂನ್ ಹೊತ್ತಿಗೆ ಮಳೆ ಶುರುವಾಗಿ ತಂಪಾಗುತ್ತದೆ. ಅದಕ್ಕೇ ಇರಬೇಕು, ನಮ್ಮ ಅಂಗಳದಲ್ಲಿ ಇಷ್ಟು ಚೆನ್ನಾಗಿ ಹೊಂದಿಕೊಂಡಿದೆ.

ನನಗೆ ಜಾಸ್ತಿ ಕಲಿಸಿದ್ದು ಸೇವಂತಿಗೆ. ಒಂದು ವರ್ಷ ಜಗಲಿಯ ಪಕ್ಕದ ನಾಲ್ಕು ಕುಂಡಗಳಲ್ಲಿ ದೀಪಾವಳಿ ಕಳೆದರೂ ಮೊಗ್ಗಿಲ್ಲ. ಗೊಬ್ಬರ, ನೀರು ಎಲ್ಲ ಸರಿಯಿತ್ತು. ಎಲೆ ಹಸಿರಾಗಿ ಎತ್ತರಕ್ಕೆ ಬೆಳೆಯುತ್ತಲೇ ಇತ್ತು. ಹಿತ್ತಲಿನಲ್ಲಿದ್ದ ಅದೇ ಗಿಡದ ಮರಿಗಳು ಮಾತ್ರ ಹಳದಿ ಹೂ ತುಂಬಿಕೊಂಡಿದ್ದವು. ಆಮೇಲೆ ಹೊಳೆಯಿತು. ಜಗಲಿಗೆ ಹೊಸ ಬಲ್ಬ್ ಹಾಕಿದ್ದೆವು, ಅದು ರಾತ್ರಿಯಿಡೀ ಉರಿಯುತ್ತಿತ್ತು. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ರಾತ್ರಿ ಉದ್ದವಾಗಬೇಕು, ಆ ಕತ್ತಲೆಗೆ ನಡುವೆ ಭಂಗ ಬರಬಾರದು. ಚಿಕ್ಕಬಳ್ಳಾಪುರದ ಕಡೆ ಬೆಳೆಗಾರರು ಬೇಕೆಂದೇ ಹೊಲದಲ್ಲಿ ರಾತ್ರಿ ಬಲ್ಬ್ ಹಚ್ಚುತ್ತಾರಲ್ಲ, ಅದಕ್ಕೂ ಇದೇ ಕಾರಣ. ಗಿಡ ಎತ್ತರವಾಗುವ ತನಕ ಹೂವನ್ನು ತಡೆದು, ಆಮೇಲೆ ದೀಪ ಆರಿಸುತ್ತಾರೆ.

ತಂಗಿಯ ಊರಿನಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಸುಮಾರು 6 ಗಂಟೆ ವ್ಯತ್ಯಾಸ. ಯಾರಿಗಾದರೂ ಗೊತ್ತಾಗುತ್ತದೆ. ನಮ್ಮಲ್ಲಿ ಒಂದೂವರೆ ಗಂಟೆಯ ಮೇಲೆ ಸ್ವಲ್ಪ. ಅದೂ ದಿನಕ್ಕೆ ಒಂದು ನಿಮಿಷಕ್ಕಿಂತ ಕಮ್ಮಿ ಸರಿಯುವುದು. ನಮ್ಮ ಗಮನಕ್ಕೇ ಬಾರದ ಅಷ್ಟು ಸಣ್ಣ ಬದಲಾವಣೆ ಕುಂಡದಲ್ಲಿ ನಿಂತ ಗಿಡಕ್ಕೆ ತಿಳಿಯುತ್ತದೆ.

ಚಳಿ ಹಿಂದೆ ಸರಿಯುವಾಗ ಬೇಲಿಯಾಚೆ ಸುರಗಿ ಮರದ ಪರಿಮಳ, ಅದರ ಬೆನ್ನಿಗೇ ಮಲ್ಲಿಗೆ. ಅಷ್ಟರಲ್ಲಿ ಸೆಕೆ ಶುರು.

ಜಗಲಿಯ ಬಲ್ಬನ್ನು ಈಗ ಊಟವಾದ ಕೂಡಲೇ ಆರಿಸುತ್ತೇವೆ. ಮೊನ್ನೆ ಹಸ್ತ ಮಳೆ ಮುಗಿಯುವ ಹೊತ್ತಿಗೆ ನಾಲ್ಕೂ ಕುಂಡಗಳಲ್ಲಿ ಸಾಸಿವೆಕಾಳಿನಷ್ಟು ಮೊಗ್ಗು ಕಂಡಿತು. ತಂಗಿಯ ಮೇಪಲ್ ಫೋಟೋ ಇನ್ನೂ ಬಂದಿರಲಿಲ್ಲ. ಈ ಸಲ ನಾನೇ ಮೊದಲು ಕಳಿಸಿದೆ.